ಓದಿ ಹೇಳದ ಹೇಳಿಕೆ

ಯುದ್ಧ ಶುರುವಾಗಿ ಮೂರು ನಾಲ್ಕು ವರ್ಷ ಆಗಿರಬೇಕು, ನಮ್ಮ ಕೋರ್ಟಿಗೆ ಅಚ್ಚಾದ ನಮೂನೆಗಳು ಬರುವುದು ನಿಂತುಹೋಯಿತು. ಅಕ್ಕಿಗೆ ಚೀಟಿ, ಸೀಮೆಎಣ್ಣೆಗೆ ಚೀಟಿ, ಆ ಚೀಟಿ ಬರೆಯಲು ಮಾತ್ರ ಕಾಗದವಿಲ್ಲ. ನಾನು ಆಗ ಮಳವಳ್ಳಿ ಕಡೆಯ ಒಂದು ಸಣ್ಣ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ಸಾಕ್ಷಿಗಳು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಹೇಳಿಕೆಯ ನಮೂನೆಯಲ್ಲಿ ಮೇಲೆ ಹೆಸರು, ಕಸುಬು, ವಾಸಸ್ಥಳದ ಸಾಲುಗಳೂ ಕೆಳಗೆ ಒಂದು ಮುಕ್ತಾಯದ ಸಾಲೂ ಮೊದಲೆಲ್ಲ ಅಚ್ಚಾಗಿಯೇ ಬರುತ್ತಿದ್ದವು. ಈಗ ಅವನ್ನು ಕೈಯಲ್ಲೇ ಬರೆಯಬೇಕಾಯಿತು. ದಿನಕ್ಕೆ ಹತ್ತು ಸಲ ಅದನ್ನೇ ಗೀಚಿ ಗೀಚಿ ನನಗೆ ರೇಗಿಹೋಯಿತು. ಬಿಡುವಿದ್ದ ಮಧ್ಯಾಹ್ನ ಕೂತು ಇಪ್ಪತ್ತು ಮೂವತ್ತು ಹಾಳೆಗಳಿಗೆ ತಲೆ ಬುಡ ಎರಡನ್ನೂ ಬರೆದು, ನಡುವೆ ಜಾಗ ಬಿಟ್ಟು, ಕಟ್ಟು ಕಟ್ಟಿ ಇಟ್ಟುಕೊಳ್ಳತೊಡಗಿದೆ. ಬುಡದ ಸಾಲು ಹೀಗಿತ್ತು: ‘ಮೇಲ್ಕಂಡ ಹೇಳಿಕೆಯನ್ನು ಹೇಳಿದವನಿಗೆ ಓದಿ ಹೇಳಲಾಗಿ, ಕೇಳಿ, ಸರಿಯಾಗಿದೆಯೆಂದು ಒಪ್ಪಿ, ಹೆಬ್ಬೆಟ್ಟಿನ ಗುರುತು ಹಾಕಿದ್ದಾನೆ.’ ಸಾಕ್ಷಿ ಇನ್ನೂ ತನ್ನ ಊರು ಬಿಟ್ಟು ಹೊರಟಿರುತ್ತಿರಲಿಲ್ಲ, ಅವನು ಒಪ್ಪಿದ್ದಾನೆಂದು ನನ್ನ ಪೆಟ್ಟಿಗೆಯಲ್ಲಿ ಬರೆದಾಗಿರುತ್ತಿತ್ತು. ಇದು ನನಗೆ ಜಾಣತನವೆಂದೇ ಅನ್ನಿಸಿತ್ತು.

ಕಾರ್ತೀಕ ಕಳೆದು ಭತ್ತ ಹಾಲು ತುಂಬುವ ಹೊತ್ತು. ಒಂದು ಬೆಳಿಗ್ಗೆ ಕೋರ್ಟಿನ ಬಾಗಿಲು ತೆಗೆಯುವುದರೊಳಗೆ ಪೊಲೀಸಿನವನೊಬ್ಬ ಚೀಟಿ ಹಿಡಿದು ಬಂದ. ಹಲಗೂರು ಕಡೆಯ ಹಳ್ಳಿಯೊಂದರಿಂದ ತಲೆ ಒಡೆದ ಮನುಷ್ಯನನ್ನು ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದಾರೆ, ಉಳಿಯುವ ಹಾಗೆ ಕಾಣುವುದಿಲ್ಲ, ಮ್ಯಾಜಿಸ್ಟ್ರೇಟರು ಆಸ್ಪತ್ರೆಗೆ ಬಂದು ಹೇಳಿಕೆ ತೆಗೆದುಕೊಳ್ಳಬೇಕು ಎಂದು ಡಾಕ್ಟರು ಬರೆದಿದ್ದರು. ನಮ್ಮ ಸಾಹೇಬರು ವಯಸ್ಸಾದವರು, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಆದರೂ ಕೋಟು ತೊಡುತ್ತಲೇ ‘ನಡಿಯಯ್ಯಾ’ ಎಂದು ಹೊರಟೇಬಿಟ್ಟರು. ನಾನು ಕಟ್ಟಿನಿಂದ ಒಂದು ಹಾಳೆ ಎಳೆದುಕೊಂಡು ಹಿಂದೆಯೇ ಓಡಿದೆ. ಒಂದೇ ಹಾಳೆ. ಎರಡು ತೆಗೆದುಕೊಂಡರೆ ಹೆಡ್ ಗುಮಾಸ್ತರು ಮುಖ ಸಿಂಡರಿಸುತ್ತಿದ್ದ ಕಾಲ ಅದು.

ಮಂಚದ ಮೇಲಿದ್ದವನು ಆ ಊರಿನ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಬಿಡುವವನು. ಮೂವತ್ತು ದಾಟಿರಲಿಲ್ಲ. ತಲೆಗೆ ಸುತ್ತಿದ ಬಟ್ಟೆ ನೆಂದುಹೋಗಿತ್ತು. ಅವನ ಹೆಂಡತಿ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದಳು. ಸಾಯುವವರ ಹೇಳಿಕೆ ತೆಗೆಯುವಾಗ ಪೊಲೀಸರು ಒಳಗಿರಕೂಡದು, ನೆಂಟರಿಷ್ಟರೂ ಇರಕೂಡದು. ಯಾರೋ ಹೇಳಿಕೊಟ್ಟ ಮಾತು ಎಂದು ಆಮೇಲೆ ಯಾರೂ ಆಡಿಕೊಳ್ಳಬಾರದು, ಅದಕ್ಕೆ. ಪೊಲೀಸಿನವನು ತಾನಾಗಿ ಹೋದ. ಅವಳು ಏಳಲಿಲ್ಲ.

‘ಎದ್ದೇಳಮ್ಮ, ಹೊರಗಿರು,’ ಎಂದೆ.

‘ನಾ ಏನೂ ಮಾತಾಡಾಕಿಲ್ಲ ಬುದ್ದೀ. ಇಂಗೇ ಕುಂತಿರ್ತೀನಿ.’

‘ಹಾಗಾಗಲ್ಲಮ್ಮ. ನೀನಿದ್ದರೆ ಕೇಸಿಗೆ ತೊಂದರೆ ಆಗುತ್ತೆ.’

ಕೇಸು ಎಂದ ಕೂಡಲೇ ಎದ್ದಳು. ನಾನೇ ಬಾಗಿಲು ಹಾಕಿದೆ.

ಡಾಕ್ಟರು ನಾಡಿ ಹಿಡಿದು ನೋಡಿ, ‘ಪ್ರಜ್ಞೆ ಸರಿಯಾಗಿದೆ, ಕೇಳಿ. ಆದರೆ ಬೇಗ ಕೇಳಿ,’ ಎಂದರು. ಸಾಹೇಬರು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಒಂದೊಂದೇ ಪ್ರಶ್ನೆ ಕೇಳಿದರು. ಅವನು ನಿಧಾನವಾಗಿ, ಆದರೆ ಎಲ್ಲೂ ತಡವರಿಸದೆ ಹೇಳಿದ.

‘ತೂಬ್ ಮುಚ್ಚಾಕೆ ಓಗಿದ್ನಿ. ಮೇಗಲ ಗದ್ದೆಯೋರ ಸರದಿ ಮುಗ್ದಿತ್ತು. ಇನ್ನೊಂದ್ ಗಳ್ಗೆ ಬುಡ್ಲಾ ಅಂದ್ರು. ಕೆಳಗ್ಲೋರ ಬತ್ತ ಒಣಗ್ತಾ ಅದೆ, ಆಗಾಕಿಲ್ಲ ಅಂದೆ.’

‘ಯಾರು ಹಾಗೆ ಅಂದದ್ದು? ಹೆಸರು ಹೇಳು.’

ಹೇಳಿದ. ಆ ಊರಿನ ದೊಡ್ಡ ಹಿಡುವಳಿಯ ಮನೆಯ ಯಜಮಾನನ ಹೆಸರು. ತಂದೆಯ ಹೆಸರನ್ನೂ ಮನೆಯ ಗುರುತನ್ನೂ ಕೇಳದೆಯೇ ಸೇರಿಸಿದ.

‘ಯಾವುದರಲ್ಲಿ ಹೊಡೆದ?’

‘ಗುದ್ಲಿ ಕಾವಲ್ಲಿ. ಎಲ್ಡ್ ಏಟು. ಕೆರೆ ಏರಿ ಮ್ಯಾಲೆ ಮೂರ್ ಜನ ನಿಂತ್ಕಂಡ್ ನೋಡ್ತಿದ್ರು. ಒಬ್ರೂ ಬರ್ನಿಲ್ಲ.’

ಆ ಮೂವರ ಹೆಸರನ್ನೂ ಹೇಳಿದ. ನಾನು ಅವನ ಮಾತನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಾ ಹೋದೆ. ಹಾಳೆ ಮುಕ್ಕಾಲು ತುಂಬುವಾಗ ಕೆಳಗೆ ನಾನೇ ಬರೆದಿಟ್ಟ ಸಾಲು ಅಡ್ಡ ಬಂತು. ಅದರ ಮೇಲೆ ಹತ್ತದಂತೆ ಕೊನೆಯ ಐದಾರು ಸಾಲನ್ನು ಇರುವೆಯಂಥ ಅಕ್ಷರದಲ್ಲಿ ತುರುಕಿದೆ. ಬರೆದು ಮುಗಿಸಿ ತಲೆಯೆತ್ತಿದಾಗ ಅವನ ಕಣ್ಣು ಮುಚ್ಚಿತ್ತು. ಡಾಕ್ಟರು ರೆಪ್ಪೆ ಬಿಡಿಸಿ ನೋಡಿ ತಲೆಯಾಡಿಸಿದರು. ಉಸಿರಿತ್ತು, ಎಚ್ಚರವಿರಲಿಲ್ಲ.

‘ಓದಿ ಹೇಳಬೇಕಲ್ಲ ಸ್ವಾಮಿ?’ ಎಂದೆ.

‘ಎಚ್ಚರವಾದ ಮೇಲೆ ಬಂದು ಓದು. ಈಗ ಹೆಬ್ಬೆಟ್ಟು ತೆಗೆದುಕೋ,’ ಎಂದರು ಸಾಹೇಬರು.

ನಾನು ಅವನ ಎಡಗೈ ಎತ್ತಿದೆ. ಬಿಸಿಯಾಗಿತ್ತು, ಹಾಗೆಯೇ ತುಂಬ ಭಾರವಾಗಿತ್ತು. ಹೆಬ್ಬೆರಳಿಗೆ ಮಸಿ ಬಳಿದು ಒತ್ತಿಸಿದೆ. ಸಾಹೇಬರು ಕೆಳಗೆ ರುಜು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅವನು ತೀರಿಕೊಂಡ ಸುದ್ದಿ ಬಂತು.

ಬುಡದ ಸಾಲನ್ನು ಹೊಡೆದುಹಾಕಲು ನನಗೆ ತೋಚಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ತೋಚಿತ್ತು. ಆದರೆ ರುಜುವಾದ ಕಾಗದದಲ್ಲಿ ಒಂದು ಗೆರೆ ಎಳೆದರೆ ಅದಕ್ಕೆ ಮತ್ತೆ ಸಾಹೇಬರ ಸಣ್ಣ ರುಜು ಬೇಕು, ಯಾಕೆ ಹೊಡೆದದ್ದು ಎಂದು ಪಕ್ಕದಲ್ಲಿ ಬರೆಯಬೇಕು. ಸಾಹೇಬರು ಊಟಕ್ಕೆ ಹೋಗಿದ್ದರು. ನಾಳೆ ಕೇಳಿದರಾಯಿತು ಎಂದು ಕಾಗದವನ್ನು ಕಡತಕ್ಕೆ ಸೇರಿಸಿ ದಾರ ಕಟ್ಟಿದೆ. ಮರುದಿನ ಬೇರೆ ಏನೋ ಕೆಲಸ ಬಿತ್ತು.

ಏರಿಯ ಮೇಲೆ ನಿಂತು ನೋಡಿದ ಆ ಮೂವರನ್ನು ಪೊಲೀಸರು ಅದೇ ವಾರ ವಿಚಾರಿಸಿ ಹೇಳಿಕೆ ಬರೆದುಕೊಂಡರು. ಪೊಲೀಸರಿಗೆ ಕೊಟ್ಟ ಹೇಳಿಕೆ ಕೋರ್ಟಿನಲ್ಲಿ ಪುರಾವೆಯಾಗುವುದಿಲ್ಲ. ಅದಕ್ಕೇ ಮೂವರನ್ನೂ ನಮ್ಮ ಸಾಹೇಬರ ಮುಂದೆ ನಿಲ್ಲಿಸಿ ಪ್ರಮಾಣ ಮಾಡಿಸಿ ಮತ್ತೆ ಹೇಳಿಸಿದರು. ಅದನ್ನೂ ನಾನೇ ಬರೆದೆ, ಓದಿ ಹೇಳಿದೆ, ಮೂವರೂ ಹೂಂ ಹೂಂ ಎಂದು ಹೆಬ್ಬೆಟ್ಟು ಒತ್ತಿದರು. ಅಷ್ಟು ಮಾಡಿದರೂ ಆ ಕಾಗದ ತನ್ನಷ್ಟಕ್ಕೆ ಪುರಾವೆಯಲ್ಲ. ಸಾಕ್ಷಿ ಸೆಷನ್ಸ್ ಕೋರ್ಟಿನ ಕಟಕಟೆಯಲ್ಲಿ ನಿಂತು ತನ್ನ ಬಾಯಿಂದ ಮತ್ತೆ ಹೇಳಬೇಕು. ಅಲ್ಲಿ ತಿರುಗಿಬಿದ್ದರೆ, ಅಂದು ಹೀಗೆ ಹೇಳಿದ್ದೆಯಲ್ಲ ಎಂದು ಮುಖಕ್ಕೆ ಹಿಡಿಯಬಹುದು, ಅಷ್ಟೇ. ಕಟಕಟೆಗೆ ಬರಲಾರದವನು ಸತ್ತವನೊಬ್ಬನೇ. ಆದ್ದರಿಂದ ಅವನ ಸಾವಿಗೆ ಕಾರಣ ಏನೆಂದು ಹೇಳುವ ಅವನ ಕಾಗದ ಮಾತ್ರ ಅವನ ಬದಲು ತಾನೇ ಮಾತಾಡಬಹುದು.

ಕೇಸು ಮಂಡ್ಯದ ಸೆಷನ್ಸಿಗೆ ಬರುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ನಮ್ಮ ಸಾಹೇಬರು ಒಂದು ಬೆಳಿಗ್ಗೆ ಸ್ನಾನ ಮಾಡುತ್ತಿದ್ದಾಗ ಕುಸಿದು ತೀರಿಕೊಂಡಿದ್ದರು. ಡಾಕ್ಟರು ಸೈನ್ಯದ ಕೆಲಸಕ್ಕೆ ಸೇರಿ ಬರ್ಮಾ ಗಡಿಯ ಕಡೆ ಎಲ್ಲೋ ಇದ್ದರು, ಸಮನ್ಸು ಹಾಗೇ ಹಿಂದಕ್ಕೆ ಬಂತು. ಆ ಕೋಣೆಯಲ್ಲಿದ್ದವರಲ್ಲಿ ಉಳಿದವನು ನಾನೊಬ್ಬನೇ. ಇದು ನೀರುಗಂಟಿ ಹೇಳಿದ ಮಾತು, ಇದು ನನ್ನ ಕೈಬರಹ, ಇದು ಸಾಹೇಬರ ರುಜು ಎಂದು ಹೇಳಲು ನನಗೂ ಸಮನ್ಸು ಬಂತು.

ಮಳವಳ್ಳಿಯಿಂದ ಮದ್ದೂರಿಗೆ, ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಬಸ್ಸು. ಏರು ಸಿಕ್ಕಲ್ಲೆಲ್ಲ ಇಳಿದು ತಳ್ಳಬೇಕು. ಅದೇ ಬಸ್ಸಿನಲ್ಲಿ ಆ ಮೂವರು ಸಾಕ್ಷಿಗಳೂ ಇದ್ದರು, ನೀರುಗಂಟಿಯ ಹೆಂಡತಿಯೂ ಇದ್ದಳು. ಅವಳು ಹಿಂದಿನ ಸೀಟಿನಲ್ಲಿ ಮುದುಡಿ ಕೂತಿದ್ದಳು. ಮೂವರು ಸಾಕ್ಷಿಗಳು ಅವಳ ಕಡೆ ತಿರುಗಿ ನೋಡಲಿಲ್ಲ. ಮದ್ದೂರಿನಲ್ಲಿ ರೈಲಿಗೆ ಕಾಯುವಾಗ ಅವರಲ್ಲಿ ಹಿರಿಯನನ್ನು ಪಕ್ಕಕ್ಕೆ ಕರೆದು ಕೇಳಿದೆ.

‘ನನ್ನ ಮುಂದೆ ಹೇಳಿದ್ದನ್ನೇ ಅಲ್ಲೂ ಹೇಳ್ತೀಯ ತಾನೆ?’

ಅವನು ನೆಲ ನೋಡಿದ. ‘ಅವ್ರ ಒಲ ಉಳೋನು ಸಾಮಿ ನಾನು. ನಾಳೀಕೆ ಅದೇ ಊರಲ್ಲಿ ಬದುಕ್ಬೇಕು. ನಿಮಗೇನು, ಬರ್ಕಂಡು ಓಯ್ತೀರಾ.’

ನನಗೆ ಸಿಟ್ಟು ನೆತ್ತಿಗೇರಿತು. ‘ಸುಳ್ಳು ಪ್ರಮಾಣ ಮಾಡಿದರೆ ನಾಲಿಗೆ ಬಿದ್ದುಹೋಗುತ್ತೆ ಕಣೋ,’ ಎಂದು ಜನರ ನಡುವೆಯೇ ರೇಗಿಬಿಟ್ಟೆ. ಅವನಿಗೆ ಹೇಳಿದ ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಂಡ್ಯದ ಕೋರ್ಟಿನಲ್ಲಿ ಮೊದಲ ದಿನವೇ ಮೂವರೂ ತಿರುಗಿಬಿದ್ದರು. ಒಬ್ಬ ತಾನು ಆ ದಿನ ಊರಲ್ಲೇ ಇರಲಿಲ್ಲ ಎಂದ. ಇನ್ನೊಬ್ಬ ನೀರುಗಂಟಿ ಏರಿಯ ಕಲ್ಲಿನ ಮೇಲೆ ಜಾರಿಬಿದ್ದದ್ದನ್ನು ನೋಡಿದೆ ಎಂದ. ಮದ್ದೂರಿನಲ್ಲಿ ನನ್ನ ಜೊತೆ ಮಾತಾಡಿದವನು ಕಣ್ಣಲ್ಲಿ ನೀರು ತುಂಬಿಕೊಂಡು, ನನಗೇನೂ ಗೊತ್ತಿಲ್ಲ, ನನ್ನನ್ನು ಬಿಟ್ಟುಬಿಡಿ ಎಂದ. ನಾನು ಬರೆದಿದ್ದ ಮೂರು ಹೇಳಿಕೆಗಳನ್ನೂ ಸರ್ಕಾರಿ ವಕೀಲರು ಅವರ ಮುಖಕ್ಕೆ ಹಿಡಿದರು. ಪೊಲೀಸರಿಗೆ ಹೆದರಿ ಹೇಳಿದ್ದು ಎಂದು ಮೂವರೂ ಕೈ ಮುಗಿದರು. ಅಲ್ಲಿಗೆ ಆ ಮೂರು ಕಾಗದಗಳ ಕಥೆ ಮುಗಿಯಿತು.

ಸಂಜೆ ಕೋರ್ಟಿನ ಅಂಗಳದ ಮರದ ಕೆಳಗೆ ಸರ್ಕಾರಿ ವಕೀಲರು ನನ್ನನ್ನು ಕರೆದರು. ‘ಇನ್ನು ಉಳಿದದ್ದು ನಿಮ್ಮ ಕಾಗದವೊಂದೇ. ಅದು ನಿಂತರೆ ಆ ಯಜಮಾನನಿಗೆ ಶಿಕ್ಷೆ, ಬಿದ್ದರೆ ನಾಳಿದ್ದು ಅವನು ಮನೆಯಲ್ಲಿರುತ್ತಾನೆ. ಅದರಲ್ಲಿ ಬರೆದದ್ದೆಲ್ಲ ಸರಿಯಾಗಿದೆ ತಾನೆ?’

ಹೇಳಿಬಿಡಬೇಕು ಅನ್ನಿಸಿತು. ಆದರೆ ಅವರ ಮುಖ ಅಷ್ಟು ದಣಿದಿತ್ತು, ನನ್ನ ಕೆಲಸದ ಭಯ ಬೇರೆ. ಆ ಸಾಲು ಸುಳ್ಳೆಂದು ಗೊತ್ತಾದರೆ ಇಡೀ ಹೇಳಿಕೆಯೇ ಕಾನೂನಿನಲ್ಲಿ ನಿಲ್ಲದು ಎಂದು ನಾನು ನಂಬಿದ್ದೆ. ‘ಸರಿಯಾಗಿದೆ ಸಾರ್,’ ಎಂದೆ.

ಮರುದಿನ ಕಟಕಟೆ ಹತ್ತಿದೆ. ಸರ್ಕಾರಿ ವಕೀಲರ ಪ್ರಶ್ನೆಗಳು ಸಲೀಸಾಗಿ ಮುಗಿದವು. ಹೇಳಿಕೆಯನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಹಿಂದೆ ಬಾಗಿಲ ಬಳಿ ನೀರುಗಂಟಿಯ ಹೆಂಡತಿ ನಿಂತಿದ್ದಳು. ಆರೋಪಿಯ ವಕೀಲರು ಮೃದುವಾಗಿ ಮಾತಾಡುವ ಮನುಷ್ಯ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

‘ಕೊನೆಯ ಸಾಲುಗಳು ಯಾಕೆ ಇಷ್ಟು ಸಣ್ಣ?’

‘ಜಾಗ ಸಾಲಲಿಲ್ಲ.’

‘ರುಜುವಿನ ಕೆಳಗೆ ನಾಲ್ಕು ಬೆರಳು ಖಾಲಿ ಇದೆಯಲ್ಲ. ಓದಿ ಹೇಳಲಾಯಿತು ಎಂಬ ಸಾಲನ್ನು ಇನ್ನಷ್ಟು ಕೆಳಗೆ ಬರೆಯಬಹುದಿತ್ತು. ಅದು ಮೊದಲೇ ಬರೆದದ್ದೇ?’

‘ಹೌದು. ನಮೂನೆ ಇಲ್ಲದ್ದರಿಂದ ಮೊದಲೇ ಬರೆದಿಡುತ್ತೇವೆ.’

‘ಇರಲಿ. ಬರೆದದ್ದು ಮೊದಲೇ ಇರಬಹುದು. ಅವನಿಗೆ ಓದಿ ಹೇಳಿದ್ದು ನಿಜವೇ?’

‘ನಿಜ.’

‘ಪೂರ್ತಿ ಓದಿದಿರಾ?’

‘ಪೂರ್ತಿ ಓದಿದೆ.’

‘ಅವನು ಏನಂದ?’

‘ಸರಿಯಾಗಿದೆಯೆಂದು ಒಪ್ಪಿದ.’

‘ಅದು ನಿಮ್ಮ ಕಾಗದದ ಮಾತು. ಅವನ ಬಾಯಿಂದ ಏನು ಬಂತು, ಅದನ್ನು ಹೇಳಿ.’

ಬಾಯಿ ತೆರೆದೆ. ‘ಸರ್ಯಾಗಿ ಅದೆ ಬುದ್ದಿ’ ಅಂದ ಎಂದರೆ ಮುಗಿದುಹೋಗುತ್ತಿತ್ತು. ಎರಡೇ ಮಾತು. ನನ್ನ ಬಗ್ಗೆ ಸುಳ್ಳು ಹೇಳುವುದು ನನಗೆ ಅಷ್ಟೇನೂ ಕಷ್ಟವಾಗಿರಲಿಲ್ಲ, ಓದಿದೆ ಎಂದು ಆಗಲೇ ಹೇಳಿಯಾಗಿತ್ತು. ಆದರೆ ಸತ್ತವನ ಬಾಯಿಗೆ ಅವನು ಆಡದ ಮಾತು ತುರುಕಲು ನನ್ನಿಂದ ಆಗಲಿಲ್ಲ. ಅವನ ದನಿ ಇನ್ನೂ ಕಿವಿಯಲ್ಲಿತ್ತು. ಅವನು ಹೇಳಿದ್ದಕ್ಕೆ ಒಂದು ಅಕ್ಷರ ಸೇರಿಸಿದರೂ ಎಲ್ಲವೂ ನಾನೇ ಕಟ್ಟಿದ ಕಥೆಯಾಗುತ್ತದೆ ಅನ್ನಿಸಿತು. ನ್ಯಾಯಾಧೀಶರು ಲೇಖನಿ ಹಿಡಿದು ಕಾಯುತ್ತಿದ್ದರು.

‘ಅವನು ಏನೂ ಅನ್ನಲಿಲ್ಲ,’ ಎಂದೆ.

‘ಯಾಕೆ?’

‘ನಾನು ಓದಲಿಲ್ಲ. ಅಷ್ಟರಲ್ಲಿ ಅವನಿಗೆ ಎಚ್ಚರ ತಪ್ಪಿತ್ತು.’

‘ಹಾಗಾದರೆ ಈಗ ತಾನೇ ಪ್ರಮಾಣದ ಮೇಲೆ ಹೇಳಿದ್ದು?’

‘ಸುಳ್ಳು.’

‘ಹೆಬ್ಬೆಟ್ಟು?’

‘ನಾನೇ ಕೈ ಹಿಡಿದು ಒತ್ತಿಸಿದೆ. ಆದರೆ ಮೇಲಿರುವುದೆಲ್ಲ ಅವನೇ ಹೇಳಿದ್ದು ಸ್ವಾಮಿ, ಒಂದು ಮಾತೂ ನನ್ನದಲ್ಲ!’ ಎಂದು ಕೂಗಿಬಿಟ್ಟೆ.

‘ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ,’ ಎಂದರು ನ್ಯಾಯಾಧೀಶರು. ಆರೋಪಿಯ ವಕೀಲರು ಕಾಗದವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೂತುಕೊಂಡರು.

ಜಗಲಿಯಲ್ಲಿ ಸರ್ಕಾರಿ ವಕೀಲರು ನನ್ನ ಮೇಲೆ ಹರಿಹಾಯ್ದರು. ‘ಸಾಯುವವನ ಹೇಳಿಕೆಯನ್ನು ಓದಿ ಹೇಳಲೇಬೇಕು ಅಂತ ಯಾರ್ರೀ ನಿಮಗೆ ಹೇಳಿದ್ದು? ಯಾವ ಕಾನೂನಿನಲ್ಲಿದೆ? ನಿನ್ನೆ ನನಗೆ ಒಂದು ಮಾತು ಹೇಳಿದ್ದರೆ, ಎಚ್ಚರ ತಪ್ಪಿತು, ಓದಲಿಲ್ಲ, ಆ ಸಾಲು ಮೊದಲೇ ಬರೆದದ್ದು ಅಂತ ನಾನೇ ಮೊದಲು ಹೇಳಿಸುತ್ತಿದ್ದೆ. ಕಾಗದ ನಿಲ್ಲುತ್ತಿತ್ತು.’

ಹನ್ನೆರಡು ವರ್ಷ ಆ ಸಾಲನ್ನು ನೋಡಿದವನು, ಬರೆದವನು ನಾನು. ಅದು ಬೇಕೋ ಬೇಡವೋ ಎಂದು ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ. ಅಚ್ಚಾಗಿ ಬಂದದ್ದೆಲ್ಲ ಕಾನೂನು ಎಂದುಕೊಂಡಿದ್ದೆ. ಆ ಜಗಲಿಯಲ್ಲಿ ಕಂಬಕ್ಕೆ ಒರಗಿ ನಿಂತಾಗ ಸತ್ತುಹೋಗಬಾರದೇ ಅನ್ನಿಸಿತು.

ಮೂರನೆಯ ದಿನ ತೀರ್ಪು ಓದಿದರು. ಮರಣಕಾಲದ ಹೇಳಿಕೆಯನ್ನು ಓದಿ ಹೇಳದಿದ್ದರೆ ಅದು ತಳ್ಳಿಹೋಗುವುದಿಲ್ಲ, ಇದು ನಿಜವಾದ ಹೇಳಿಕೆಯಾಗಿದ್ದಿರಲೂಬಹುದು ಎಂದು ನ್ಯಾಯಾಧೀಶರೇ ಬರೆದಿದ್ದರು. ಆದರೆ ಅದನ್ನು ರುಜುವಾತು ಮಾಡಲು ಇರುವವನು ಒಬ್ಬನೇ, ಅವನು ಅದೇ ಕಾಗದದಲ್ಲಿ ನಡೆಯದ್ದನ್ನು ನಡೆದಿದೆ ಎಂದು ಬರೆದಿದ್ದಾನೆ, ಅದನ್ನೇ ಪ್ರಮಾಣದ ಮೇಲೂ ಹೇಳಿದ್ದಾನೆ. ಅವನು ಹೇಳಿದ್ದರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಬಿಡುಗಡೆ. ನನ್ನ ಮೇಲೆ ಕ್ರಮ ಕೈಗೊಳ್ಳಬೇಕೆಂದು ಅವರು ಬರೆಯಲಿಲ್ಲ. ಬರೆದಿದ್ದರೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ.

ಮದ್ದೂರಿನಲ್ಲಿ ರೈಲು ಇಳಿದಾಗ ಮಳವಳ್ಳಿಯ ಬಸ್ಸು ನಿಂತಿತ್ತು. ಬಿಡುಗಡೆಯಾದವನು, ಅವನ ಕಡೆಯವರು, ಆ ಮೂವರು ಸಾಕ್ಷಿಗಳು, ಎಲ್ಲರೂ ಅದಕ್ಕೇ ಹತ್ತಿದರು. ನೀರುಗಂಟಿಯ ಹೆಂಡತಿ ಹತ್ತಲಿಲ್ಲ. ನಾನೂ ಹತ್ತಲಿಲ್ಲ. ಇನ್ನೊಂದು ಬಸ್ಸಿಗೆ ಎರಡು ಗಂಟೆ ಇತ್ತು. ಅವಳು ಹೊಂಗೆಮರದ ಕೆಳಗೆ ಕೂತಳು. ತಪ್ಪಿಸಿಕೊಂಡು ಎಲ್ಲಾದರೂ ಹೋಗೋಣವೆಂದುಕೊಂಡೆ, ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ಕೂತೆ.

‘ನಮ್ಮೋರು ಯೋಳಿದ್ದು ನಿಜ ಅಲ್ವಾ ಬುದ್ದಿ?’ ಎಂದಳು.

‘ನಿಜ ಕಣಮ್ಮ.’

‘ನೀವ್ ಬರ್ಕಂಡಿದ್ದೂ ನಿಜ?’

‘ಅದೂ ನಿಜ.’

‘ಮತ್ತೆ ಯಾಕ್ ಬುಟ್ಟುಬುಟ್ರು ಅವನ್ನ?’

ಹೇಳಿದೆ. ಹಾಳೆಯ ವಿಚಾರ, ಮೊದಲೇ ಬರೆದಿಟ್ಟ ಸಾಲಿನ ವಿಚಾರ, ನಾನು ಮೊದಲು ಹೌದೆಂದು ಆಮೇಲೆ ಇಲ್ಲವೆಂದದ್ದು, ಎಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದುಬಿಡುತ್ತಿದ್ದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

‘ಓಗ್ಲಿ ಬುಡಿ,’ ಎಂದಳು ಆಮೇಲೆ. ‘ಕೋಲ್ಟ್ನಲ್ಲಿ ನೀವ್ ಓದಿದ್ರಲ್ಲ, ಅದ್ರಾಗೆ ನನ್ ಸುದ್ದಿ ಇರ್ನಿಲ್ಲ. ಒಳಗೆ ಇನ್ನೇನಾರ ಯೋಳಿದ್ರಾ? ನನ್ನೇನಾರ ಅಂದ್ರಾ?’

ಅಂದಿದ್ದ. ಹೊಡೆದವನ ವಿಚಾರ, ನೋಡಿದವರ ವಿಚಾರ ಮುಗಿದ ಮೇಲೆ ಅವನು ಅವಳ ಹೆಸರು ಹಿಡಿದು ಎರಡು ಮೂರು ಮಾತು ಆಡಿದ್ದ. ಸಾಹೇಬರು ನನ್ನ ಕಡೆ ತಿರುಗಿ, ಅದು ಕೇಸಿಗೆ ಬೇಡ, ಎಂದು ಕೈಯಾಡಿಸಿದ್ದರು. ನಾನು ಲೇಖನಿ ಎತ್ತಿ ಹಿಡಿದು, ಹಾಳೆಯಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡುತ್ತಿದ್ದೆ. ಬರೆದದ್ದರಲ್ಲಿ ಒಂದೊಂದು ಮಾತೂ ನನಗೆ ಇವತ್ತಿಗೂ ಬಾಯಿಪಾಠ. ಬರೆಯದೆ ಬಿಟ್ಟದ್ದು ಏನೆಂದು ಆ ಮರದ ಕೆಳಗೆ ಎಷ್ಟು ತಲೆ ಚಚ್ಚಿಕೊಂಡರೂ ನೆನಪಿಗೆ ಬರಲಿಲ್ಲ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೋರ್ಟಿನಲ್ಲಿ ಆಗದಿದ್ದದ್ದು ಈಗ ಆಯಿತು. ಅವಳಿಗೆ ಇಷ್ಟಾದರೂ ಸಿಗಲಿ ಎಂದು, ಅವನು ಆಡಿದನೋ ಇಲ್ಲವೋ ಗೊತ್ತಿಲ್ಲದ ಮಾತನ್ನು ಆಡಿಬಿಟ್ಟೆ.

‘ಅಂದ ಕಣಮ್ಮ. ನಿನ್ನನ್ನು ಕರೀರಿ ಅಂದ.’

ಅವಳ ಬೆರಳು ಸೆರಗಿನಲ್ಲೇ ನಿಂತುಹೋಯಿತು.

‘ಕರೀರಿ ಅಂದ್ರಾ?’ ಎಂದಳು. ‘ನಾ ಬಾಗ್ಲಾಗೇ ಇದ್ನಲ್ಲ ಬುದ್ದಿ. ಮತ್ಯಾಕೆ ಕರೀನಿಲ್ಲ?’